ತೊಟ್ಟಿಲುಗುಂಡು: ಬಂಡೆಯ ಮೇಲಿದ್ದ ಇನ್ನೊಂದು ಕೈ

“ದುಡ್ಡು ಕೊಡಲ್ಲ. ಅದನ್ನ ಮೊದಲೇ ಹೇಳ್ಬಿಡ್ತೀನಿ,” ಎಂದ ಭಾನುಪ್ರಕಾಶ್. “ಸರ್ಟಿಫಿಕೇಟ್ ಇಲ್ಲ, ಟೀ ಶರ್ಟ್ ಇಲ್ಲ. ಮಧ್ಯಾಹ್ನಕ್ಕೆ ಮುದ್ದೆ, ಬಸ್ಸಾರು ಇದೆ. ನಮ್ಮೂರಿನ ತೊಟ್ಟಿಲುಗುಂಡಿನ ಬಗ್ಗೆ ಆನ್‌ಲೈನ್ ವಿಶ್ವಕೋಶದಲ್ಲಿ ಒಂದು ಲೇಖನ ಉಳಿಯೋ ಹಾಗೆ ಹಾಕಬೇಕು. ಬರೆಯೋಕೆ ಜನ ಬೇಕು. ಯಾರ್ಯಾರು ಬರ್ತೀರ, ಕೈ ಎತ್ತಿ.”

ಅತ್ತಿಬೆಲೆಯಲ್ಲಿ ಅವನು ನಡೆಸುವ ಪಿಜಿಯ ಊಟದ ಹಾಲ್ ಅದು. ಎಲೆಕ್ಟ್ರಾನಿಕ್ ಸಿಟಿಗೆ ಕ್ಯಾಬ್ ಹತ್ತುವ ಹುಡುಗರು, ಫ್ಯಾಕ್ಟರಿಗೆ ಹೋಗುವ ಹುಡುಗಿಯರು, ಎಲ್ಲರನ್ನೂ ಭಾನುವಾರದ ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸಿ ಕೂರಿಸಿದ್ದ. ಮುಖಗಳೂ ಹಾಗೇ ಇದ್ದವು. ಮುದ್ದೆಯ ಮಾತು ಬಂದ ಮೇಲೆ ಒಂದೊಂದೇ ಕೈ ಮೇಲೆದ್ದವು.

ಬೇಸಿನ್ನಿನ ಪಕ್ಕ, ಕೊನೆಯ ಬೆಂಚಿನಲ್ಲಿ ಕೂತಿದ್ದ ಗೌರಿಯೂ ಕೈ ಎತ್ತಿದಳು.

ಲೇಖನ ಬರೆಯುವ ಉಮೇದು ಅವಳಿಗೆ ಇರಲಿಲ್ಲ. ಹಿಂದಿನ ತಿಂಗಳು ಇದೇ ಹಾಲ್‌ನಲ್ಲಿ ಕೈ ಎತ್ತಿದ್ದ ಹನುಮೇಶ ಎಂಬವನು ಮುಂದಿನ ಭಾನುವಾರವೇ ಆ ಗುಂಡುಕಲ್ಲಿರುವ ಬೂದಿಗುಟ್ಟೆ ಎಂಬ ಗುಡ್ಡದಿಂದ ಬಿದ್ದು ಸತ್ತಿದ್ದ. ಸೆಲ್ಫೀ ತೆಗೆಯಲು ಹೋಗಿ ಜಾರಿದ ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು.

ಗೌರಿಯ ಕಸುಬು ಬಾಗಿಲು ತಟ್ಟುವುದು. ವೈಟ್‌ಫೀಲ್ಡಿನ ಕಂಪನಿಗಳು ಕೆಲಸಕ್ಕೆ ತೆಗೆದುಕೊಂಡವರು ಹೇಳಿದ ವಿಳಾಸದಲ್ಲಿ ನಿಜಕ್ಕೂ ಇದ್ದಾರೆಯೇ, ಹಿಂದಿನ ಕೆಲಸ ಬಿಟ್ಟದ್ದು ಏಕೆ ಎಂದು ವಿಚಾರಿಸಿ ವರದಿ ಕೊಡಬೇಕು. ಹತ್ತು ವರ್ಷ ಈ ಕೆಲಸ ಮಾಡಿದವಳಿಗೆ ಜನ ಸುಳ್ಳು ಹೇಳುವಾಗ ಎಲ್ಲಿ ನೋಡುತ್ತಾರೆ ಎಂಬುದು ಚೆನ್ನಾಗಿ ಗೊತ್ತು. ಪತ್ತೇದಾರಿಕೆ ಅದರ ಜೊತೆಗೆ ಅಂಟಿಕೊಂಡ ಚಾಳಿ. ಕಾಡುಗೋಡಿಯ ಅವಳ ಆಫೀಸೆಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಒಂದು ಫ್ಯಾನು, ಎರಡು ಕುರ್ಚಿ.

ಆ ಎರಡನೇ ಕುರ್ಚಿಯಲ್ಲಿ ಬಂದು ಕೂತಿದ್ದ ಹನುಮೇಶನ ತಾಯಿ ಮಲಕವ್ವ ಅತ್ತಿರಲಿಲ್ಲ. ಕುಷ್ಟಗಿ ಕಡೆಯ ಹೆಂಗಸು. ಮಗನ ಜೊತೆ ಬಂದು ಅತ್ತಿಬೆಲೆಯಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. “ನನ್ನ ಮಗ ತನ್ನ ಮಾರಿ ತಾ ನೋಡ್ಕೋಂತ ಸತ್ತ ಅಂತಾರ್ರಿ ಮಂದಿ,” ಎಂದಿದ್ದಳು. “ಮಣ್ಣಿಗೆ ಬಂದವರೂ ಅದನ್ನ ಅಂದ್ರು. ಕನ್ನಡಿ ಮುಂದ ನಿಂತು ತಲಿ ಬಾಚಿದ ಹುಡುಗಲ್ರಿ ಅವ. ಹ್ಯಾಂಗ ಸತ್ತ ಅನ್ನೂದಷ್ಟ ಹೇಳ್ರಿ. ಬ್ಯಾರೆ ಏನೂ ಬ್ಯಾಡ.” ಹನುಮೇಶನ ಹೆಂಡತಿ ದಾನೇಶ್ವರಿ ಬಾಗಿಲ ಹತ್ತಿರವೇ ನಿಂತಿದ್ದಳು. ಅವಳು ಬಾಯಿ ಬಿಡಲಿಲ್ಲ. ಗಂಡ ಸತ್ತ ಹುಡುಗಿ ಏನು ಮಾತಾಡಿಯಾಳು ಎಂದು ಗೌರಿಯೂ ಕೆದಕಲಿಲ್ಲ.

ಅಂದಿನಿಂದ ಗೌರಿಗೆ ನಿದ್ದೆ ಸರಿಯಿರಲಿಲ್ಲ. ಒಬ್ಬ ತಾಯಿ ಕೇಳಿದ್ದು ನ್ಯಾಯವಲ್ಲ, ಪರಿಹಾರವಲ್ಲ. ಮಗ ಸತ್ತ ಬಗೆ ಮಾತ್ರ. ಅಷ್ಟು ಸಣ್ಣದನ್ನು ಕೊಡಲು ಆಗದಿದ್ದರೆ ತನ್ನ ಈ ಕಸುಬು ಯಾತಕ್ಕೆ ಎಂದು ಅವಳು ಮತ್ತೆ ಮತ್ತೆ ಕೇಳಿಕೊಳ್ಳುತ್ತಿದ್ದಳು.

ಭಾನುಪ್ರಕಾಶ್ ಪ್ರೊಜೆಕ್ಟರ್ ಹಾಕಿ ಗೋಡೆಯ ಮೇಲೆ ಫೋಟೋ ಮೂಡಿಸಿದ. ಬೋಳು ಬಂಡೆಯ ಅಂಚಿನಲ್ಲಿ ಲಾರಿ ಗಾತ್ರದ ಒಂದು ಗುಂಡುಕಲ್ಲು. ಕಲ್ಲಿಗೂ ಕೆಳಗಿನ ಹಾಸುಬಂಡೆಗೂ ನಡುವೆ ಬೆಳಕಿನ ಒಂದು ತೆಳು ಗೆರೆ. ಫೋಟೋ ತೆಗೆದವನು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದಿರಬೇಕು.

“ಇದೇ ತೊಟ್ಟಿಲುಗುಂಡು. ಒಂದು ಕೈ ಇಟ್ರೆ ತೂಗತ್ತೆ. ಮಕ್ಕಳಾಗದ ಹೆಣ್ಣುಮಕ್ಕಳು ನಮ್ಮಜ್ಜಿ ಕಾಲದಿಂದ್ಲೂ ಬರ್ತಿದಾರೆ. ಅತ್ತಿಬೆಲೆ ದಾಟಿದ್ರೆ ಯಾರಿಗೂ ಗೊತ್ತಿಲ್ಲ. ಈಗ ಜಲ್ಲಿ ಕ್ರಷರ್‌ನವರ ಕಣ್ಣು ಗುಟ್ಟೆ ಮೇಲೆ ಬಿದ್ದಿದೆ. ಗುಟ್ಟೆ ಉಳಿಸಿ ಅಂತ ನಾಳೆ ಅರ್ಜಿ ಹಿಡ್ಕೊಂಡು ಆಫೀಸಿಗೆ ಹೋದ್ರೆ ಸಾಹೇಬ್ರು ಮೊದಲು ಫೋನ್ ತೆಗ್ದು ಹುಡುಕ್ತಾರೆ. ಏನೂ ಸಿಗ್ಲಿಲ್ಲ ಅಂದ್ರೆ, ಇದೇನ್ರೀ ಬರೀ ಕಲ್ಲು ಅಂತಾರೆ.”

“ನೀವೇ ಒಂದು ಬರೆದು ಹಾಕ್ಬೋದಲ್ಲ ಸಾರ್?” ಎಂದ ಒಬ್ಬ ಹುಡುಗ, ಆಕಳಿಸುತ್ತ.

“ಹಾಕಿದ್ದೆ. ಕಿತ್ತು ಬಿಸಾಕಿದ್ರು. ಆಧಾರ ಎಲ್ಲಿ ಅಂದ್ರು. ಊರಿನವರು ಹೇಳ್ತಾರೆ ಅಂದ್ರೆ ಅಲ್ಲಿ ನಡೆಯಲ್ಲ. ಅಚ್ಚಾಗಿರಬೇಕು, ಇಲ್ಲ ಕಣ್ಣಿಗೆ ಕಾಣಬೇಕು. ಬೇರೆ ಬೇರೆ ಜನ ಬರೆದ್ರೆ, ತಿದ್ದಿದ್ರೆ, ಒಳ್ಳೆ ಫೋಟೋ ಹಾಕಿದ್ರೆ ನಿಲ್ಲತ್ತೆ.”

“ನಿಜವಾಗ್ಲೂ ತೂಗತ್ತಾ?” ಮುಂದಿನ ಸಾಲಿನ ಹುಡುಗಿ ಕೇಳಿದಳು.

“ನಮ್ಮಜ್ಜಿ ತೂಗಿದ್ಮೇಲೇ ನಮ್ಮಪ್ಪ ಹುಟ್ಟಿದ್ದು.”

ಕೂತವರೆಲ್ಲ ನಕ್ಕರು. ಗೌರಿ ನಗು ನಿಲ್ಲಲಿ ಎಂದು ಕಾದಳು.

“ಈ ತಿಂಗಳು ತೂಗಿದ್ದನ್ನ ಯಾರಾದ್ರೂ ನೋಡಿದಾರಾ ಸಾರ್?”

ಭಾನುಪ್ರಕಾಶ್ ಅವಳನ್ನು ನೋಡಲಿಲ್ಲ. ಗೋಡೆಯ ಫೋಟೋವನ್ನೂ ನೋಡಲಿಲ್ಲ. ಅಡುಗೆಮನೆಯ ಕಡೆ ತಿರುಗಿ, “ಸಾರಿಗೆ ಒಗ್ಗರಣೆ ಆಯ್ತಾ ನೋಡ್ಕೊಂಡ್ ಬರ್ತೀನಿ,” ಎಂದು ಎದ್ದು ಹೋದ.

ಆ ಹೊತ್ತಿನಲ್ಲಿ ಗೌರಿ ತನ್ನ ಫೋನಿನಲ್ಲಿ ಅದೇ ಫೋಟೋ ತೆರೆದಳು. ಲೇಖನ ಇಲ್ಲದಿದ್ದರೂ ವಿಶ್ವಕೋಶದ ಚಿತ್ರಸಂಗ್ರಹದಲ್ಲಿ ಫೋಟೋ ಇರುತ್ತದೆ, ಹಾಕಿದವರ ಹೆಸರು ಕೆಳಗಿರುತ್ತದೆ. ಹಾಕಿದ ದಿನವೂ ಇರುತ್ತದೆ. ಹೆಸರು ಹನುಮೇಶನದು. ದಿನ ಮಾತ್ರ ಅವನನ್ನು ಮಣ್ಣು ಮಾಡಿದ ಮುಂದಿನ ವಾರದ್ದು. ಇದನ್ನು ನೋಡಿದ ಮೇಲೇ ಅವಳು ಈ ಸಭೆಗೆ ಬಂದದ್ದು. ಹನುಮೇಶನ ಫೋನು ಪೊಲೀಸರಿಗೆ ಸಿಕ್ಕಿರಲಿಲ್ಲ. ಯಾರೋ ಎತ್ತಿಕೊಂಡು ಹೋಗಿರಬೇಕೆಂದು ಸುಮ್ಮನಾಗಿದ್ದರು. ಕದ್ದವನು ಸತ್ತವನ ಹೆಸರಿನಲ್ಲಿ ವಿಶ್ವಕೋಶಕ್ಕೆ ಫೋಟೋ ಏಕೆ ಹಾಕುತ್ತಾನೆ?

ಭಾನುಪ್ರಕಾಶನೇ ಹಾಕಿದ್ದಾನೆ ಎಂದು ಅವಳ ಲೆಕ್ಕ. ಅದು ತಪ್ಪು ಲೆಕ್ಕವಾಗಿತ್ತು.

*

ಊಟಕ್ಕೆ ಮುಂಚೆ ಭಾನುಪ್ರಕಾಶ್ ಎಲ್ಲರನ್ನೂ ಗುಟ್ಟೆಗೆ ಕರೆದುಕೊಂಡು ಹೋದ. ಗೋದಾಮುಗಳ ಸಾಲು ದಾಟಿ, ಕಂಟೇನರ್ ಲಾರಿಗಳ ಸಂದಿಯಲ್ಲಿ ನುಗ್ಗಿದರೆ, ನೀಲಗಿರಿ ತೋಪಿನಾಚೆ ಬೋಳು ಬಂಡೆ. ಬುಡದಲ್ಲಿ ಮುನಿಯಕ್ಕ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ಗುಂಡುಕಲ್ಲಿಗೆ ದೀಪ ಇಡುವುದು ಅವಳ ಮನೆತನದ ಕೆಲಸ. ಜಮೀನೆಲ್ಲ ಗೋದಾಮಾದರೂ ಈ ಕೆಲಸ ಬಿಟ್ಟಿರಲಿಲ್ಲ.

“ಇವತ್ತು ಯಾರೂ ಕಲ್ಲು ಮುಟ್ಬೇಡಿ,” ಎಂದ ಭಾನುಪ್ರಕಾಶ್. “ದೂರದಿಂದ ಫೋಟೋ ತೆಗೀರಿ, ಸಾಕು.”

“ಯಾಕ್ ಸಾರ್?”

“ಹೇಳಿದೀನಲ್ಲ.”

ಹುಡುಗರು ಮೇಲೆ ಹೋದರು. ಗೌರಿ ಮುನಿಯಕ್ಕನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

“ತೂಗೋದು ಎಂಗೆ ಅಜ್ಜಿ?”

“ಒಂದೇ ಕೈ ಕಣವ್ವ. ಬಲಗೈ. ಒಂದೇ ಸಲ,” ಎಂದಳು ಮುನಿಯಕ್ಕ. “ಮಗಾ ಬೇಕು ಅನ್ನೋ ಎಣ್ಮಗಳು ಬತ್ತಾಳೆ. ಅವಳ ಮಡ್ಲಿಗೆ ಅರಿಸಿನದಕ್ಕಿ ಕಟ್ತೀನಿ. ಮೇಲೋಗಿ ಕೈ ಇಡ್ತಾಳೆ. ನೂಕಂಗಿಲ್ಲ. ಮಲಗಿರೋ ಕೂಸಿನ್ ಮೇಲೆ ಕೈ ಇಡ್ತೀವಲ್ಲ, ಅಂಗೆ.”

“ಈಗಲೂ ಬರ್ತಾರಾ?”

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಬಂದೋರ್ನ ವಾಪಸ್ ಕಳಿಸ್ತಾ ಇವ್ನಿ. ಒಂದ್ ತಿಂಗಳಾಯ್ತು. ಯಾಕೆ ಅಂತ ಕೇಳ್ಬ್ಯಾಡ.”

ಕೇಳಬೇಡ ಎಂದವರ ಹತ್ತಿರ ಕೇಳದೆ ಸುಮ್ಮನೆ ಕೂತರೆ ಸಾಕು, ಅವರೇ ಹೇಳುತ್ತಾರೆ. ಇದು ಗೌರಿ ನೂರಾರು ಬಾಗಿಲುಗಳಲ್ಲಿ ಕಲಿತದ್ದು. ಅವಳು ಸುಮ್ಮನೆ ಕೂತಳು.

“ದೀಪ ಇಡಕ್ಕೆ ಜಾಗ ಇಲ್ಲ ಕಣವ್ವ,” ಎಂದಳು ಮುನಿಯಕ್ಕ ಕೊನೆಗೆ, ದನಿ ಇಳಿಸಿ. “ಕಲ್ಲಿನಡಿ ಸಂದಿ ಇತ್ತು. ಅಲ್ಲೇ ಇಡ್ತಿದ್ವಿ, ನಮ್ಮತ್ತೆನೂ ಅಲ್ಲೇ ಇಡ್ತಿದ್ಳು. ಆ ಸಂದಿ ಮುಚ್ಕೊಂಡ್ಬಿಡ್ತು. ಊರೋರ್ಗೆ ಎಂಗೆ ಯೋಳ್ಲಿ?”

ಗೌರಿ ಮೇಲೆ ಹತ್ತಿದಳು. ಹುಡುಗರು ಎದುರು ಅಂಚಿನಲ್ಲಿ ಗುಂಪು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಭಾನುಪ್ರಕಾಶ್ ಅವರಿಗೆ ಹಿಂದೆ ಸರಿಯಬೇಡಿ ಎಂದು ಬೈಯುತ್ತಿದ್ದ. ಅವಳು ಗುಂಡಿನ ಹಿಂಬದಿಗೆ ಹೋಗಿ ಬಲಗೈ ಇಟ್ಟಳು.

ಕಲ್ಲು ಬಿಸಿಯಾಗಿತ್ತು. ಅಲುಗಲಿಲ್ಲ.

ಅವಳಿಗೆ ಮಕ್ಕಳ ಹರಕೆ ಏನೂ ಇರಲಿಲ್ಲ. ಆದರೂ ಮನಸ್ಸು ಪೆಚ್ಚಾಯಿತು. ಎರಡೂ ಕೈ ಹಾಕಿ ನೂಕಿದಳು, ಹೆಗಲು ಕೊಟ್ಟಳು. ಗೋಡೆಯನ್ನು ನೂಕಿದ ಹಾಗಾಯಿತು. ತೊಟ್ಟಿಲುಗುಂಡು ತೂಗುವುದನ್ನು ನಿಲ್ಲಿಸಿ ಎಷ್ಟೋ ದಿನವಾಗಿತ್ತು. ಅದನ್ನು ತೂಗುವ ಗುಂಡು ಎಂದು ಬರೆಯಲು ಈ ಮನುಷ್ಯ ಇನ್ನೂ ಜನ ಕೂಡಿಸುತ್ತಿದ್ದ.

ಮಂಡಿಯೂರಿ ನೋಡಿದಳು. ಹಾಸುಬಂಡೆಯೆಲ್ಲ ಮಳೆ ಬಿಸಿಲಿಗೆ ಕಪ್ಪಾಗಿದ್ದರೆ, ಗುಂಡಿನ ಬುಡದಲ್ಲಿ ಗೇಣಗಲದ ಪಟ್ಟಿ ಮಾತ್ರ ಬಿಳಿ. ಬೆಳಕು ಕಂಡಿರದ ಕಲ್ಲು. ಗುಂಡು ಅಷ್ಟು ದೂರ ಜಾರಿ ಕೂತಿತ್ತು. ಬಿಳಿಯ ಅಂಚಿನಲ್ಲಿ ಕಬ್ಬಿಣ ಉಜ್ಜಿದ ತುಕ್ಕಿನ ಗೀರು. ಬಿರುಕಿನಲ್ಲಿ ಅರಿಸಿನ ಹತ್ತಿದ ನಾಲ್ಕಾರು ಅಕ್ಕಿಕಾಳು. ಆಚೆ ಬದಿಯಲ್ಲಿ, ಫೋಟೋ ತೆಗೆದವನು ಮಲಗಿದ್ದಿರಬಹುದಾದ ಜಾಗದ ಹಿಂದೆ ಬಂಡೆ ಕಡಿದು ಹೋಗಿತ್ತು. ಇಣುಕಿದರೆ ಕೆಳಗೆ ಹಳೆಯ ಕಲ್ಲುಗಣಿಯ ಹೊಂಡ.

ಹನುಮೇಶ ಬಿದ್ದದ್ದು ಅಲ್ಲಿ.

*

ಹುಡುಗರನ್ನೆಲ್ಲ ಊಟಕ್ಕೆ ಕಳಿಸುವವರೆಗೂ ಅವಳು ಕಾದಳು. ಭಾನುಪ್ರಕಾಶ್ ಕೊನೆಗೆ ಉಳಿದ, ಗುಂಡಿನ ನೆರಳಿನಲ್ಲಿ ಬೀಡಿ ಹಚ್ಚಿದ.

“ಹಾರೆ ಎಲ್ಲಿಂದ ತಂದ್ರಿ?” ಎಂದು ಕೇಳಿದಳು ಗೌರಿ.

ಅವನು ಬೀಡಿಯನ್ನು ಬಾಯಿಂದ ತೆಗೆದ. “ಯಾರಮ್ಮ ನೀವು?”

“ಹನುಮೇಶನ ತಾಯಿ ಕಳಿಸಿದೋಳು. ನೀವು ಅವನನ್ನ ಕೊಂದ್ರಿ ಅಂತ ನಾನು ಹೇಳ್ತಿಲ್ಲ. ಕಲ್ಲಿನಡಿ ಹಾರೆ ಹಾಕಿದ್ರಿ ಅಂತ ಹೇಳ್ತಿದೀನಿ. ಗೀರು ಅಲ್ಲೇ ಇದೆ.”

“ಕ್ರಷರ್‌ನವ್ರು ಹಾಕಿರ್ಬೋದು.”

“ಅವರು ಸಿಡಿಮದ್ದು ಇಡ್ತಾರೆ. ಹಾರೆ ಹಿಡ್ಕೊಂಡು ಒದ್ದಾಡಲ್ಲ. ನಿಮ್ಮ ಪಿಜಿಲಿದ್ದ ಮನು ಅನ್ನೋ ಹುಡುಗ, ಹನುಮೇಶ ಸತ್ತ ಮಾರನೇ ದಿನವೇ ರೂಮ್ ಖಾಲಿ ಮಾಡಿ ಮಾದನಾಯಕನಹಳ್ಳಿ ಸೇರ್ಕೊಂಡ. ನಾನು ಫೋನ್ ಮಾಡಿ ತೊಟ್ಟಿಲುಗುಂಡು ಅಂದ ತಕ್ಷಣ ಕಟ್ ಮಾಡ್ದ. ಅವನನ್ನೂ ಕ್ರಷರ್‌ನವ್ರೇ ಓಡಿಸಿದ್ರಾ?”

ಬೀಡಿ ಆರಿತು. ಅವನು ಮತ್ತೆ ಹಚ್ಚಲಿಲ್ಲ. ಐವತ್ತರ ಗಂಡಸು, ನಾಲ್ಕು ಅಂತಸ್ತಿನ ಪಿಜಿಯ ಮಾಲೀಕ, ಬಂಡೆಯ ಮೇಲೆ ಕುಸಿದು ಕೂತ.

“ವಿಡಿಯೋ ಬೇಕಿತ್ತು,” ಎಂದ. “ಅವ್ರು ಆಧಾರ ಕೇಳಿದ್ರಲ್ಲ. ತೂಗೋದನ್ನ ತೋರಿಸಿದ್ರೆ ಯಾರೂ ಕೀಳಲ್ಲ ಅನ್ಕೊಂಡ್ವಿ. ಆದ್ರೆ ಒಂದು ಕೈ ಇಟ್ರೆ ಅದು ತೂಗೋದು ಎಷ್ಟು? ಕೂದಲೆಳೆ. ಕೈಗೆ ಗೊತ್ತಾಗತ್ತೆ, ಫೋನಿಗೆ ಗೊತ್ತಾಗಲ್ಲ. ಎರಡು ಸಲ ತೆಗೆದ್ವಿ. ಏನೂ ಕಾಣ್ಲಿಲ್ಲ. ಹನುಮೇಶನೇ ಹೇಳ್ದ, ಕೆಳಗೆ ಮಲಗಿ ಬೆಳಕಿನ ಗೆರೆ ಹಿಡೀತೀನಿ, ಗೆರೆ ಅಗಲ ಆಗಿ ಸಣ್ಣ ಆದ್ರೆ ಎಲ್ಲರಿಗೂ ಕಾಣತ್ತೆ ಅಂತ. ಸ್ವಲ್ಪ ಜಾಸ್ತಿ ತೂಗಬೇಕು ಅಷ್ಟೆ ಅಂದ.”

“ಅದಕ್ಕೆ ಹಾರೆ.”

“ಅದಕ್ಕೆ ಹಾರೆ. ನಾನೇ ಹಿಡಿದಿದ್ದೆ. ಮನು, ಇನ್ನೊಬ್ಬ ಹುಡುಗ ಹೆಗಲು ಕೊಟ್ರು. ಕಲ್ಲು ಚೆನ್ನಾಗಿ ಎದ್ತು ಮೇಡಂ. ಅಷ್ಟು ಎದ್ದಿದ್ದನ್ನ ನಾನು ಹುಟ್ಟಿದಾಗಿಂದ ನೋಡಿರಲಿಲ್ಲ. ಖುಷಿ ಆಯ್ತು ನನಗೆ.” ಅವನು ಆರಿದ ಬೀಡಿಯನ್ನು ಬಿಸಾಕಿದ. “ವಾಪಸ್ ಬಂದಾಗ ಇದ್ದ ಜಾಗಕ್ಕೆ ಬರ್ಲಿಲ್ಲ. ಅವನ ಕಡೆ ಜಾರ್ತು. ಮುಟ್ಟಲಿಲ್ಲ ಅವನನ್ನ. ಮೇಲೆ ಬೀಳತ್ತೆ ಅನ್ಕೊಂಡು ಹಿಂದಕ್ಕೆ ಎಗರಿದ. ಹಿಂದೆ ಏನೂ ಇರ್ಲಿಲ್ಲ.”

ಕೆಳಗೆ ಹೆದ್ದಾರಿಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಗೌರಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ. ಕಲ್ಲನ್ನು ಉಳಿಸಲು ಹೊರಟವನು ಕಲ್ಲನ್ನೂ ಕಳೆದುಕೊಂಡಿದ್ದ, ಒಂದು ಜೀವವನ್ನೂ.

“ಸೆಲ್ಫೀ ಅಂತ ಯಾರು ಹೇಳಿದ್ದು?”

“ನಾನೇ. ಗುಂಡು ಜಾರಿ ಮನುಷ್ಯ ಸತ್ತ ಅಂದ್ರೆ, ಅಪಾಯದ ಕಲ್ಲು ಅಂತ ಆರ್ಡರ್ ಬರತ್ತೆ. ಕ್ರಷರ್‌ನವ್ರಿಗೆ ಹಬ್ಬ. ನನ್ನ ಸ್ವಾರ್ಥ ಇಲ್ಲ ಅನ್ನಲ್ಲ. ಆದ್ರೆ ಅದೊಂದೇ ಅಲ್ಲ.”

“ಇನ್ನೇನು?”

ಅವನು ಬೂಟಿನ ತುದಿಯಿಂದ ಬಂಡೆ ಕೆದಕಿದ.

“ಇನ್ನೇನು ಅಂತ ನಾನೇ ಹೇಳ್ತೀನಿ,” ಎಂದಳು ಗೌರಿ. “ನಿಮ್ಮಪ್ಪ ಈ ಕಲ್ಲಿನಿಂದ ಹುಟ್ಟಿದ್ದು ಅಂತ ನಂಬೋರು ನೀವು. ಹೆಣ್ಣಿನ ಕೈ ಬೀಳದೆ ನೀವು ಹಾರೆ ಹಾಕಿರೋದಿಲ್ಲ. ಬಿರುಕಲ್ಲಿ ಅರಿಸಿನದಕ್ಕಿ ಇದೆ. ಆವತ್ತು ಇಲ್ಲಿ ಒಬ್ಬಳು ಇದ್ಲು. ಯಾರವಳು?”

“ಅದನ್ನ ಮಾತ್ರ ಕೇಳ್ಬೇಡಿ. ಅವಳಿಗೆ ಮಾತು ಕೊಟ್ಟಿದೀನಿ.”

“ಹನುಮೇಶನ ಫೋನ್ ನಿಮ್ಮ ಹತ್ರ ಇದೆಯಾ?”

“ಇಲ್ಲ. ದೇವರಾಣೆ ಇಲ್ಲ. ಆ ಫೋಟೋ ಹೇಗೆ ಬಂತು ಅಂತ ನನಗೂ ಗೊತ್ತಿಲ್ಲ. ಬಂದ ದಿನ ನೋಡಿ ಮೈ ನಡುಗ್ತು.”

ಈ ಸಲ ಅವನು ಅವಳ ಕಣ್ಣನ್ನೇ ನೋಡಿ ಹೇಳಿದ. ಗೌರಿ ನಂಬಿದಳು. ಅವಳ ತಪ್ಪು ಲೆಕ್ಕ ಅಲ್ಲಿಗೆ ಮುರಿದುಬಿತ್ತು. ಹನುಮೇಶನ ಫೋನಿನ ಬೀಗ ತೆಗೆಯಲು ಗೊತ್ತಿದ್ದವರೊಬ್ಬರು ಅಂದು ಈ ಗುಟ್ಟೆಯ ಮೇಲಿದ್ದರು.

“ಹುಡುಗರು ಓಡಿ ಹೋದ್ರು. ನಾನು ಕಲ್ಲಾಗಿ ನಿಂತ್ಬಿಟ್ಟೆ,” ಎಂದ ಭಾನುಪ್ರಕಾಶ್, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ. “ಆ ಹುಡುಗಿ ಕಿರುಚಲಿಲ್ಲ ಮೇಡಂ. ಗಣಿಗೆ ಇಳಿದು ಅವನ ತಲೆ ತೊಡೆ ಮೇಲೆ ಇಟ್ಕೊಂಡು ಕೂತ್ಲು. ಅಣ್ಣಾ, ನಾ ಇಲ್ಲಿ ಬಂದಿದ್ದೆ ಅಂತ ನಮ್ಮ ಅತ್ತಿ, ಅವ್ರ ಅವ್ವಗ ಹೇಳಬ್ಯಾಡ್ರಿ ಅಂದ್ಲು. ಅಷ್ಟೇ ಅವಳು ಮಾತಾಡಿದ್ದು. ಮಿಕ್ಕಿದ್ದೆಲ್ಲ ನಾನು ಕಟ್ಟಿದ ಕಥೆ.”

ಅವನು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಗೌರಿ ಬಂಡೆ ಇಳಿದು ನೇರ ಮಲಕವ್ವನ ಮನೆಯ ಕಡೆ ಹೊರಟಳು.

*

ಅತ್ತಿಬೆಲೆಯ ವಠಾರದಲ್ಲಿ ಸಂಜೆಯ ನೀರು ಬಂದಿತ್ತು. ಮಲಕವ್ವ ಹೊರಗೆ ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟುಕೊಂಡು ನಿಂತಿದ್ದಳು. ಗೌರಿಯನ್ನು ಕಂಡು ಅವಳ ಮುಖ ಅರಳಿತು.

“ಏನರ ತಿಳೀತ್ರಿ?”

“ಇನ್ನೊಂದು ಮಾತು ಕೇಳೋದಿದೆ ಅಮ್ಮಾ. ಸೊಸೆ ಬಂದಿದಾಳಾ?”

“ಈಗ ಬಂದ್ಲು. ಒಳಗ ಕೂಡ್ರಿ. ನಾ ಕೊಡ ತುಂಬ್ಕೊಂಡು ಬಂದು ಚಾ ಮಾಡ್ತೀನಿ.”

ಒಂದೇ ಕೋಣೆಯ ಮನೆ. ಗೋಡೆಯ ಮೇಲೆ ಹನುಮೇಶನ ಫೋಟೋ, ಅದಕ್ಕೆ ಪ್ಲಾಸ್ಟಿಕ್ ಹಾರ. ದಾನೇಶ್ವರಿ ಫ್ಯಾಕ್ಟರಿಯ ನೀಲಿ ಕೋಟು ಬಿಚ್ಚಿ ಮೊಳೆಗೆ ಹಾಕುತ್ತಿದ್ದಳು. ಗೌರಿಯ ಮುಖ ನೋಡಿದ ಕೂಡಲೇ ಅವಳ ಕೈ ಅಲ್ಲೇ ನಿಂತಿತು.

“ಗುಟ್ಟೆ ಮ್ಯಾಲ ಹೋಗಿದ್ರೇನ್ರಿ?” ಎಂದಳು.

ಗೌರಿ ತಲೆಯಾಡಿಸಿದಳು. “ಫೋಟೋ ಹಾಕಿದ್ದು ನೀನೇ ಅಲ್ವಾ?”

ದಾನೇಶ್ವರಿ ಅಲ್ಲಗಳೆಯಲಿಲ್ಲ. ಅಳುವಿಲ್ಲದ ಕಣ್ಣುಗಳು. ಅತ್ತು ಮುಗಿಸಿದವಳ ಕಣ್ಣು ಎಂದು ಗೌರಿಗೆ ಆಗ ತಿಳಿಯಿತು. “ಅವ್ರಿಗಿ ಭಾಳ ಆಸಿ ಇತ್ರಿ,” ಎಂದಳು. “ಫೋಟೋದ ಕೆಳಗ ನನ್ನ ಹೆಸರು ಬರ್ತೈತಿ, ನೂರು ವರ್ಷಾದ್ರೂ ಇರ್ತೈತಿ ಅಂತ ಹೇಳ್ತಿದ್ರು. ನಮಗ ಮಕ್ಕಳಿಲ್ಲಲ್ರಿ. ಹೆಸರರ ಎಲ್ಲ್ಯಾರ ಇರ್ಲಿ ಅಂತ ಹಾಕಿದ್ನಿ. ಅವ್ರು ಹ್ಯಾಂಗ ಹಾಕ್ತಿದ್ರು ಅನ್ನೂದು ನೋಡಿ ನೋಡಿ ಗೊತ್ತಿತ್ತು.”

“ಆವತ್ತು ನೀನು ಕೈ ಇಟ್ಟಿದ್ದೆ.”

“ನಾಲ್ಕು ವರ್ಷದಿಂದ ಅತ್ತಿ ಒಂದು ಮಾತು ಆಡಿಲ್ರಿ ನನಗ. ಮಂದಿ ಆಡ್ತಿದ್ರು. ಅತ್ತಿ ಆಡಲಿಲ್ಲ. ಅವ್ರೇ ಅಂದ್ರು, ಬಾ, ಹೆಂಗೂ ವಿಡಿಯೋಕ್ಕ ಒಂದು ಕೈ ಬೇಕು, ನಿನ್ನ ಹರಕಿನೂ ಆಗ್ತೈತಿ. ಅತ್ತಿಗಿ ಹೇಳದ ಹೋದ್ವಿ. ಕೂಸು ನಿಂತ ಮ್ಯಾಲ ಹೇಳೂಣು ಅಂತ.” ಅವಳು ಮೊಳೆಗೆ ಹಾಕಿದ ಕೋಟನ್ನು ಸರಿಪಡಿಸಿದಳು. “ಹಾರೆ ಹಾಕಿದ್ದು ಪಿಜಿ ಅಣ್ಣಾರು. ಆದ್ರ ಕಲ್ಲು ಎದ್ದಾಗ ನಾ ಕೈ ತಗೀಲಿಲ್ರಿ. ನೂಕಿದ್ನಿ. ಎರಡೂ ಕೈಲೆ ನೂಕಿದ್ನಿ. ಜೋರಾಗಿ ತೂಗಿದ್ರ ಲಗೂನ ಕೂಸು ಆಗ್ತೈತೇನೋ ಅನಿಸ್ತು.”

ಗೌರಿಗೆ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಪತ್ತೇದಾರರು ಹಾಗೆ ಮಾಡುವುದಿಲ್ಲವೆಂದು ಯಾರೂ ಅವಳಿಗೆ ಹೇಳಿರಲಿಲ್ಲ, ಆದರೂ ಅವಳು ಮಾಡಲಿಲ್ಲ. “ನಿಮ್ಮತ್ತೆಗೆ ಹೇಳ್ಬೇಕಾಗತ್ತೆ ದಾನೇಶ್ವರಿ,” ಎಂದಳು. “ಮಗ ಸೆಲ್ಫೀ ಹುಚ್ಚಿಗೆ ಸತ್ತ ಅಂತ ಊರೆಲ್ಲ ಆಡ್ಕೊಳ್ತಿದೆ. ಅವಳು ಅದನ್ನ ನುಂಗಿಕೊಂಡು ಇಟ್ಟಿಗೆ ಹೊರ್ತಿದಾಳೆ. ನೀನು ದಿನಾ ನೋಡ್ತಿದೀಯಲ್ಲ.”

“ನೋಡ್ತೀನ್ರಿ. ದಿನಾ ರಾತ್ರಿ ನನ್ನ ತಲಿಗಿ ಎಣ್ಣಿ ಹಚ್ಚಿ ಮಲಗಸ್ತಾಳ. ನಿನ್ನ ಬಿಟ್ರ ನನಗ್ಯಾರು ಅಂತಾಳ. ಹೇಳಿದ ಮ್ಯಾಲ ನನಗ್ಯಾರ್ರಿ?”

“ಫೋನ್ ಎಲ್ಲಿದೆ?” ಎಂದು ಕೇಳಿದಳು ಗೌರಿ.

ದಾನೇಶ್ವರಿ ಮೂಲೆಯ ಜೋಳದ ಡಬ್ಬಿಯಲ್ಲಿ ಕೈ ಇಳಿಸಿ, ಅಂದು ಗಣಿಯಲ್ಲಿ ಎತ್ತಿಕೊಂಡಿದ್ದ ಹನುಮೇಶನ ಫೋನು ತೆಗೆದಳು. ಒರೆಸಿ, ಬೀಗ ತೆಗೆದು ಗೌರಿಯ ಕೈಗಿಟ್ಟಳು. “ಫೋಟೋ ಅಷ್ಟ ಅಲ್ರಿ, ವಿಡಿಯೋನೂ ಐತಿ. ನೋಡ್ರಿ. ಧ್ವನಿ ಬಂದ್ ಮಾಡೀನಿ. ಆವತ್ತಿನಿಂದ ನಾ ಧ್ವನಿ ಕೇಳಿಲ್ಲ. ಕೇಳಿದ್ರ ಸಾಯ್ತೀನಿ ಅನಿಸ್ತೈತಿ.”

ಪರದೆಯಲ್ಲಿ ಕಪ್ಪು ಕಲ್ಲು, ಅದರಡಿ ಬೆಳಕಿನ ಗೆರೆ. ಮೇಲ್ಭಾಗದಲ್ಲಿ ಕಲ್ಲಿನ ಮಗ್ಗುಲಿಗೆ ಒತ್ತಿದ ಒಂದು ಹೆಣ್ಣಿನ ಕೈ. ಮುಂಗೈ ತುಂಬ ಹಸಿರು ಗಾಜಿನ ಬಳೆ, ನಡುವೆ ಚಿನ್ನದ ಚುಕ್ಕೆಯ ಎರಡು ಕೆಂಪು ಬಳೆ. ಈಗ ಫೋನಿನ ಪಕ್ಕ ಇದ್ದ ದಾನೇಶ್ವರಿಯ ಕೈ ಬರಿದಾಗಿತ್ತು.

ಹನುಮೇಶ ಏನಾದರೂ ಹೇಳಿದ್ದರೆ ಅದು ತಾಯಿಗೆ ಸಲ್ಲಬೇಕಾದ ಕೊನೆಯ ಮಾತು. ಅದನ್ನು ಕೇಳದೆ ತಾನು ಯಾವ ಸತ್ಯವನ್ನು ಕೊಟ್ಟ ಹಾಗಾಗುತ್ತದೆ? ಗೌರಿ ಹೆಬ್ಬೆರಳಿನಿಂದ ಧ್ವನಿ ಏರಿಸಿದಳು. ಎಷ್ಟು ಏರಿತೆಂದು ನೋಡಿಕೊಳ್ಳಲಿಲ್ಲ.

“ಏ ಹುಚ್ಚಿ, ಅಂಜಬ್ಯಾಡ,” ಎಂದಿತು ಫೋನು, ಇಡೀ ಕೋಣೆ ತುಂಬುವ ಹಾಗೆ. ನಗುತ್ತಿದ್ದ ಗಂಡಸಿನ ದನಿ. “ನಾ ಅದೀನಿ ಇಲ್ಲಿ. ನೂಕು, ಇನ್ನೊಂದೀಟು ನೂಕು. ಬೆಳಕು ಭಾಳ ಚಂದ ಬರಾಕತ್ತೈತಿ.”

ದಾನೇಶ್ವರಿ ಗೋಡೆಗೆ ಮುಖ ಒತ್ತಿದಳು.

ಬಾಗಿಲಲ್ಲಿ ಕೊಡ ಕೆಳಗಿಟ್ಟ ಸದ್ದು. ಮಲಕವ್ವ ಒದ್ದೆ ಕೈಯಲ್ಲೇ ಒಳಗೆ ಬಂದಳು. ಅವಳ ಮುಖದಲ್ಲಿ ಅನುಮಾನವಿರಲಿಲ್ಲ, ಸಿಟ್ಟಿರಲಿಲ್ಲ. ತಿಂಗಳ ನಂತರ ಮಗನ ದನಿ ಕೇಳಿದ ತಾಯಿಯ ಮುಖ ಅದು. ಆ ಖುಷಿಯನ್ನು ನೋಡುವುದು ಗೌರಿಯಿಂದ ಆಗಲಿಲ್ಲ.

“ನನ್ನ ಹನುಮನ ಧ್ವನಿ,” ಎಂದಳು ಮಲಕವ್ವ. “ಎಲ್ಲಿ ಸಿಕ್ತ್ರಿ ಇದು? ಇನ್ನೊಮ್ಮಿ ಹಚ್ರಿ.”

ಗೌರಿ ಕೈ ಅಲುಗಿಸಲಿಲ್ಲ. ಮಲಕವ್ವ ಸೆರಗಿಗೆ ಕೈ ಒರೆಸಿಕೊಂಡು ಚಾಪೆಯ ಮೇಲೆ ಕೂತಳು. “ದಾನಾ, ನಿನಗ ಗೊತ್ತೈತಿ ಇದೆಲ್ಲ. ನೀನರ ಹಚ್ಚವ್ವ.”

ದಾನೇಶ್ವರಿ ಬಂದು ಫೋನು ತೆಗೆದುಕೊಂಡಳು. ಅತ್ತೆಯ ಪಕ್ಕ ಕೂತಳು. ಬರಿ ಕೈಯಿಂದ ಒತ್ತಿದಳು.

“ಏ ಹುಚ್ಚಿ, ಅಂಜಬ್ಯಾಡ,” ಎಂದಿತು ಫೋನು. ಮಲಕವ್ವ ನಕ್ಕಳು. “ನೋಡು, ತನ್ನ ಮಾರಿ ಫೋಟೋ ತಗ್ಯಾಕ ಹೋಗಿಲ್ಲ ನನ್ನ ಮಗ. ಕಲ್ಲು ತಗದಾನ. ನಾ ಹೇಳಿಲ್ಲೇನು ಎಲ್ಲಾರಿಗಿ?” ಅವಳ ಕಣ್ಣಿನಿಂದ ನೀರು ಇಳಿಯಿತು. “ಇನ್ನೊಮ್ಮಿ.”

ದಾನೇಶ್ವರಿ ಮತ್ತೆ ಒತ್ತಿದಳು. ಈ ಸಲ ಮಲಕವ್ವ ಪರದೆಗೆ ಮುಖ ಹತ್ತಿರ ತಂದು ಕಣ್ಣು ಕಿರಿದು ಮಾಡಿದಳು. ದನಿ ಮುಗಿಯಿತು, ಕಲ್ಲು ಏಳುವ ಮುಂಚೆ ದಾನೇಶ್ವರಿಯ ಬೆರಳು ವಿಡಿಯೋವನ್ನು ನಿಲ್ಲಿಸಿತು. ಮಲಕವ್ವನ ತೋರುಬೆರಳು ನಿಧಾನವಾಗಿ ಮೇಲೆದ್ದು ಪರದೆಯ ಮೇಲಿನ ಬಳೆಗಳ ಮೇಲೆ ನಿಂತಿತು.

“ಈ ಕೆಂಪು ಬಳಿ ನಾ ಇಡಿಸಿದ್ದು,” ಎಂದಳು.

ಮಲಕವ್ವ ಬೆರಳು ತೆಗೆಯದೆ, ಸೊಸೆಯ ಕಡೆ ತಿರುಗದೆ, ಗೌರಿಗೆ ಹೇಳಿದಳು: “ನೀವು ಹೊರಗ ಹೋಗ್ರಿ ಮೇಡಂ. ಇದು ನಮ್ಮಿಬ್ಬರ ಮಾತು.”

“ಅಮ್ಮಾ, ಅವಳದು ತಪ್ಪಿಲ್ಲ, ನಾನು ಹೇಳ್ತೀನಿ ಕೇಳಿ…”

“ಹೋಗ್ರಿ.”

ಗೌರಿ ದಾನೇಶ್ವರಿಯನ್ನು ನೋಡಿದಳು. ಅವಳು ಹೋಗಿ ಎಂಬಂತೆ ತಲೆಯಾಡಿಸಿದಳು. ಗೌರಿ ಹೊಸ್ತಿಲು ದಾಟಿದಳು. ಹಿಂದೆಯೇ ಬಾಗಿಲು ಮುಚ್ಚಿತು, ಒಳಗಿನಿಂದ ಅಗುಳಿ ಬಿತ್ತು.

ಅವಳು ಬಾಗಿಲಿಗೆ ಕಿವಿ ಹಚ್ಚಿದಳು. ಬೈಗುಳ ಕೇಳಿಸಲಿಲ್ಲ, ಅಳು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಫೋನು ಮತ್ತೆ ಮಾತಾಡಿತು. ನಾ ಅದೀನಿ ಇಲ್ಲಿ, ನೂಕು, ಎಂದ ಹನುಮೇಶ. ಈ ಸಲ ಕಲ್ಲು ಏಳುವಲ್ಲಿ ಯಾರೂ ಅದನ್ನು ನಿಲ್ಲಿಸಲಿಲ್ಲ; ವಿಡಿಯೋ ಮುಂದೆ ಓಡಿತು.

ಗೌರಿ ಬಾಗಿಲು ತಟ್ಟತೊಡಗಿದಳು. ಒಳಗಿನಿಂದ ಯಾರೂ ತೆರೆಯಲಿಲ್ಲ.